ಆಂಟಿವೈರಸ್ ‘ಏನೂ ಇಲ್ಲ’ ಎನ್ನುತ್ತಿದೆ, ಪರದೆಯ ಮೂಲೆ ‘ಐದು ವೈರಸ್ ಇವೆ’ ಎನ್ನುತ್ತಿದೆ: ಯಾವುದನ್ನು ನಂಬಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎಲ್ಲರೂ ಬಳಸುವುದು ವಿಂಡೋಸ್ ಇರುವ ಒಂದೇ ಕಂಪ್ಯೂಟರನ್ನು. ಕಳೆದ ವಾರ, ಬೇರೆಯವರ ಕಂಪ್ಯೂಟರಿಗೆ ಹಾಕಿ ತಂದಿದ್ದ ಪೆನ್‌ಡ್ರೈವನ್ನು ಇದಕ್ಕೆ ಚುಚ್ಚಿದಾಗ ಅದರೊಳಗಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಂಡವು. ಒಂದೊಂದರ ಗಾತ್ರವೂ ಒಂದೆರಡು ಕೆಬಿ ಮಾತ್ರ. ಗಾಬರಿಯಾಗಿ ಯಾವುದನ್ನೂ ತೆರೆಯದೆ ಪೆನ್‌ಡ್ರೈವ್ ತೆಗೆದುಬಿಟ್ಟೆ. ಅಂದಿನಿಂದಲೋ ಅದಕ್ಕೂ ಮೊದಲಿನಿಂದಲೋ ಸರಿಯಾಗಿ ನೆನಪಿಲ್ಲ, ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್‌ಗಳಿವೆ, ಈಗಲೇ ತೆಗೆಯಿರಿ’ ಎಂಬ ಸೂಚನೆ ಗಂಟೆಗೆ ನಾಲ್ಕಾರು ಸಲ ಬರುತ್ತಿದೆ. ವಿಂಡೋಸಿನ ಜೊತೆಗೇ ಬಂದಿರುವ ಆಂಟಿವೈರಸ್‌ನಲ್ಲಿ ಎರಡು ಬಾರಿ ಪೂರ್ತಿ ಸ್ಕ್ಯಾನ್ ಮಾಡಿದರೂ ಏನೂ ಸಿಗಲಿಲ್ಲ.

ಪರಿಚಿತರೊಬ್ಬರು, ಎರಡನ್ನೂ ಫಾರ್ಮ್ಯಾಟ್ ಮಾಡಿ ಇನ್ನೊಂದು ಆಂಟಿವೈರಸ್ ಕೂಡ ಹಾಕಿಕೊಳ್ಳಿ ಎನ್ನುತ್ತಾರೆ. ಪೆನ್‌ಡ್ರೈವಿನಲ್ಲಿ ಮಕ್ಕಳ ಪ್ರಾಜೆಕ್ಟ್ ಇದೆ, ಅದರ ಬೇರೆ ಪ್ರತಿ ಇಲ್ಲ. ವೈರಸ್ ಎಂದರೆ ನಿಜವಾಗಿ ಏನು, ಇಲ್ಲಿ ಬಂದಿದೆಯೋ ಇಲ್ಲವೋ ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ದಯವಿಟ್ಟು ಸದ್ಯಕ್ಕೆ ಏನನ್ನೂ ಫಾರ್ಮ್ಯಾಟ್ ಮಾಡಬೇಡಿ. ನೀವು ಹೇಳಿದ ಎರಡು ತೊಂದರೆಗಳಿಗೂ ಒಂದಕ್ಕೊಂದು ಸಂಬಂಧವಿರುವಂತೆ ಕಾಣುವುದಿಲ್ಲ.

ಮೂಲೆಯ ಸೂಚನೆ ಬಹುಮಟ್ಟಿಗೆ ವೈರಸ್ಸೇ ಅಲ್ಲ. ಯಾವುದೋ ಜಾಲತಾಣವು ‘ನೋಟಿಫಿಕೇಶನ್ ಕಳುಹಿಸಲೇ?’ ಎಂದು ಕೇಳಿದಾಗ ಮನೆಯಲ್ಲಿ ಯಾರೋ ‘ಅಲೋ’ ಒತ್ತಿದ್ದಾರೆ. ಆ ಅನುಮತಿಯನ್ನು ಹಿಡಿದುಕೊಂಡು ಆ ತಾಣ ಬ್ರೌಸರಿನ ಮೂಲಕ ಸುಳ್ಳು ಎಚ್ಚರಿಕೆಗಳನ್ನು ಕಳುಹಿಸುತ್ತಿದೆ. ಕಂಪ್ಯೂಟರಿನಲ್ಲಿ ಯಾವ ಫೈಲೂ ಕೂತಿಲ್ಲವಾದ್ದರಿಂದ ಸ್ಕ್ಯಾನ್‌ನಲ್ಲಿ ಏನೂ ಸಿಗದಿರುವುದು ಸಹಜವೇ. ಸೂಚನೆಯನ್ನು ಗಮನಿಸಿ ನೋಡಿದರೆ ಬ್ರೌಸರಿನ ಹೆಸರೂ ಆ ತಾಣದ ವಿಳಾಸವೂ ಸಣ್ಣಕ್ಷರಗಳಲ್ಲಿ ಇರುತ್ತವೆ. ಕ್ರೋಮ್ ಆಗಿದ್ದರೆ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆದು, ಪರಿಚಯವಿಲ್ಲದ ತಾಣಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕಿ. ಸೂಚನೆಯ ಮೇಲೆ ಮಾತ್ರ ಒತ್ತಬೇಡಿ. ‘ಸರಿಪಡಿಸುವ’ ತಂತ್ರಾಂಶವೆಂದು ಅದು ಇಳಿಸಿಕೊಡುವುದೇ ನಿಜವಾದ ಪಿಡುಗಾಗಿರಬಹುದು.

ಪೆನ್‌ಡ್ರೈವಿನ ಕಥೆ ಬೇರೆ, ಅಲ್ಲಿರುವುದು ಸೋಂಕೇ. ಈ ಬಗೆಯ ವೈರಸ್ ನಿಮ್ಮ ಫೋಲ್ಡರುಗಳನ್ನು ಅಳಿಸುವುದಿಲ್ಲ, ಅಡಗಿಸುತ್ತದೆ. ಅವುಗಳಿಗೆ ‘ಹಿಡನ್’ ಮತ್ತು ‘ಸಿಸ್ಟಮ್’ ಎಂಬ ಗುರುತು ಹಾಕಿ, ಅದೇ ಹೆಸರಿನ ಶಾರ್ಟ್‌ಕಟ್ಟನ್ನು ಆ ಜಾಗದಲ್ಲಿ ಇಡುತ್ತದೆ. ಶಾರ್ಟ್‌ಕಟ್ ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ಅಡಗಿದ್ದ ಫೋಲ್ಡರ್ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ. ಹಾಗಾಗಿಯೇ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಅನುಮಾನವೂ ಬರುವುದಿಲ್ಲ. ನೀವು ಒತ್ತದೇ ಇದ್ದದ್ದು ಒಳ್ಳೆಯದಾಯಿತು.

ಮುಂದೆ ಹೀಗೆ ಮಾಡಿ. ಪೆನ್‌ಡ್ರೈವ್ ಚುಚ್ಚಿ, ಏನನ್ನೂ ತೆರೆಯದೆ, ಅದರ ಮೇಲೆ ಬಲಗುಂಡಿ ಒತ್ತಿ ಸ್ಕ್ಯಾನ್ ಮಾಡಿಸಿ. ಬಳಿಕ ಫೈಲ್ ಎಕ್ಸ್‌ಪ್ಲೋರರಿನ ಆಯ್ಕೆಗಳಲ್ಲಿ ಅಡಗಿದ ಫೈಲುಗಳನ್ನು ತೋರಿಸುವಂತೆ ಬದಲಿಸಿ, ‘ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಅಡಗಿಸುವ ಗುರುತನ್ನೂ ತೆಗೆಯಿರಿ. ನಿಜವಾದ ಫೋಲ್ಡರುಗಳು ಮಸುಕಾಗಿ ಕಾಣಿಸುತ್ತವೆ. ಅವುಗಳೊಳಗಿನ ಚಿತ್ರ, ದಾಖಲೆಗಳನ್ನಷ್ಟೇ ಕಂಪ್ಯೂಟರಿಗೆ ನಕಲಿಸಿಕೊಂಡು, ಅವು ತೆರೆಯುತ್ತವೆಯೇ ಎಂದು ನೋಡಿಕೊಂಡ ನಂತರ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಿನ ಬಗ್ಗೆಯೂ ಅನುಮಾನವಿದ್ದರೆ ಡಿಫೆಂಡರಿನಲ್ಲಿ, ಅಂದರೆ ವಿಂಡೋಸಿನ ಜೊತೆಗೇ ಬಂದಿರುವ ಆಂಟಿವೈರಸ್‌ನಲ್ಲಿ, ‘ಆಫ್‌ಲೈನ್ ಸ್ಕ್ಯಾನ್’ ಎಂಬ ಆಯ್ಕೆಯಿದೆ. ಅದು ಯಂತ್ರವನ್ನು ಮರುಚಾಲನೆ ಮಾಡಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ.

ಉತ್ತರ 2

ಮೇಲಿನವರು ಮಾಡಬೇಕಾದದ್ದನ್ನು ಹೇಳಿದ್ದಾರೆ. ವೈರಸ್ ಎಂದರೇನು ಎಂಬ ಪ್ರಶ್ನೆ ಉಳಿಯಿತು. ಕಟ್ಟುನಿಟ್ಟಾಗಿ ಹೇಳುವುದಾದರೆ, ಬೇರೆ ಪ್ರೋಗ್ರಾಮುಗಳಿಗೆ ತನ್ನ ಪ್ರತಿಯನ್ನು ಅಂಟಿಸಿಕೊಂಡು, ಅವು ಓಡಿದಾಗಲೆಲ್ಲ ತಾನೂ ಓಡಿ ಹರಡುವ ಪ್ರೋಗ್ರಾಮು ಮಾತ್ರ ವೈರಸ್. ಬೇರೆ ಪ್ರೋಗ್ರಾಮಿಗೆ ಅಂಟಿಕೊಳ್ಳದೆ, ತನ್ನ ಪ್ರತಿಗಳನ್ನು ನೆಟ್‌ವರ್ಕಿನಲ್ಲಿ ತಾನೇ ಯಂತ್ರದಿಂದ ಯಂತ್ರಕ್ಕೆ ಕಳುಹಿಸುವುದು ವರ್ಮ್, ಅಂದರೆ ಹುಳು. ಉಪಯುಕ್ತ ತಂತ್ರಾಂಶದ ವೇಷದಲ್ಲಿ ನಮ್ಮ ಕೈಯಿಂದಲೇ ಒಳಗೆ ಬರುವುದು ಟ್ರೋಜನ್. ಅದು ತಾನಾಗಿ ಹರಡುವುದಿಲ್ಲ. ಇಂದು ಮನೆಯ ಕಂಪ್ಯೂಟರುಗಳಿಗೆ ಬರುವುದರಲ್ಲಿ ಈ ಮೂರನೆಯದೇ ಹೆಚ್ಚು, ಆದರೆ ರೂಢಿಯಲ್ಲಿ ಎಲ್ಲಕ್ಕೂ ವೈರಸ್ ಎನ್ನುತ್ತೇವೆ. ಅದಕ್ಕೆ ನನ್ನ ತಕರಾರೇನೂ ಇಲ್ಲ.

ಈ ವಿಷಯದಲ್ಲಿ ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ಫ್ರೆಡ್ ಕೋಹೆನ್ 1983ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಥ ಪ್ರೋಗ್ರಾಮನ್ನು ಬರೆದು ಪ್ರಯೋಗ ಮಾಡಿದರು. ಅದಕ್ಕೆ ‘ವೈರಸ್’ ಎಂಬ ಹೆಸರನ್ನು ಸೂಚಿಸಿದವರು ಅವರ ಗುರು ಲಿಯೊನಾರ್ಡ್ ಏಡಲ್‌ಮನ್. ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಮನ್ನು ಬರೆಯಲು ಸಾಧ್ಯವೇ ಇಲ್ಲವೆಂದು ಕೋಹೆನ್ ಆಗಲೇ ತೋರಿಸಿದರು. ವಾದ ಸರಳವಾಗಿದೆ: ಅಂಥ ಪತ್ತೇದಾರಿ ಪ್ರೋಗ್ರಾಮು ಇದೆಯೆಂದೇ ಇಟ್ಟುಕೊಳ್ಳಿ. ನಾನು ಬರೆಯುವ ಪ್ರೋಗ್ರಾಮು ಮೊದಲು ಆ ಪತ್ತೇದಾರಿಯನ್ನೇ ‘ನಾನು ವೈರಸ್ ಹೌದೋ ಅಲ್ಲವೋ’ ಎಂದು ಕೇಳುತ್ತದೆ. ಹೌದು ಎಂದರೆ ಸುಮ್ಮನಿರುತ್ತದೆ, ಅಲ್ಲ ಎಂದರೆ ಹರಡಲು ತೊಡಗುತ್ತದೆ. ಪತ್ತೇದಾರಿ ಯಾವ ಉತ್ತರ ಕೊಟ್ಟರೂ ತಪ್ಪೇ. ಆದ್ದರಿಂದ ‘ನೂರಕ್ಕೆ ನೂರು ರಕ್ಷಣೆ’ ಎಂಬ ಜಾಹೀರಾತನ್ನು ಯಾರೇ ಹಾಕಲಿ, ಅದನ್ನು ನಂಬಬೇಕಾಗಿಲ್ಲ. ‘ಏನೂ ಸಿಗಲಿಲ್ಲ’ ಎಂಬುದರ ಅರ್ಥ ‘ಗೊತ್ತಿರುವುದು ಯಾವುದೂ ಸಿಗಲಿಲ್ಲ’ ಎಂದಷ್ಟೇ.

ಫೈಲ್ ಎಕ್ಸ್‌ಪ್ಲೋರರಿನ ಆಯ್ಕೆಗಳನ್ನು ಹೇಗೂ ತೆರೆಯುತ್ತೀರಿ, ಫೈಲಿನ ಹೆಸರಿನ ಕೊನೆಯ ಭಾಗ, ಅಂದರೆ ಎಕ್ಸ್‌ಟೆನ್ಶನ್, ಕಾಣಿಸುವಂತೆಯೂ ಮಾಡಿಕೊಳ್ಳಿ. 2000ದ ಮೇ ತಿಂಗಳಿನಲ್ಲಿ ಜಗತ್ತಿನ ಇಮೇಲ್ ವ್ಯವಸ್ಥೆಗಳನ್ನೇ ಉಸಿರುಗಟ್ಟಿಸಿದ ‘ಐ ಲವ್ ಯೂ’ ಹುಳು, ಪ್ರೇಮಪತ್ರದ ಹೆಸರಿನ ಮುಂದೆ ‘ಡಾಟ್ ಟಿಎಕ್ಸ್‌ಟಿ’, ಅದರ ಮುಂದೆ ‘ಡಾಟ್ ವಿಬಿಎಸ್’ ಎಂದಿದ್ದ ಫೈಲಿನಲ್ಲಿ ಬಂತು. ಕೊನೆಯ ಭಾಗವನ್ನು ವಿಂಡೋಸ್ ಅಡಗಿಸಿದ್ದರಿಂದ ಓಡುವ ಸ್ಕ್ರಿಪ್ಟೊಂದು ಬರಿಯ ಪಠ್ಯದ ಫೈಲಿನಂತೆ ಕಂಡಿತು. ಇಷ್ಟು ವರ್ಷಗಳಾದರೂ ಎಕ್ಸ್‌ಟೆನ್ಶನ್ ಅಡಗಿಸುವುದೇ ವಿಂಡೋಸಿನ ಮೂಲ ಸ್ಥಿತಿಯಾಗಿ ಉಳಿದಿರುವುದು ನನಗಂತೂ ಅರ್ಥವಾಗದ ಸಂಗತಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬ್ರೌಸರಿನ ಪಟ್ಟಿಯಲ್ಲಿ ನಾನೆಂದೂ ಕೇಳಿರದ ಮೂರು ತಾಣಗಳಿದ್ದವು. ತೆಗೆದ ಮೇಲೆ ಸೂಚನೆಗಳು ನಿಂತಿವೆ. ಫೋಲ್ಡರುಗಳೂ ಸಿಕ್ಕಿವೆ. ಆಫ್‌ಲೈನ್ ಸ್ಕ್ಯಾನ್‌ನಲ್ಲಿಯೂ ಏನೂ ಬರಲಿಲ್ಲ. ಹಾಗಾದರೆ ಎರಡನೆಯ ಆಂಟಿವೈರಸ್ ಬೇಕೋ ಬೇಡವೋ? ಇನ್ನು ಮುಂದೆ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು?

ಉತ್ತರ 3

ಎರಡನೆಯದು ಬೇಡ. ಬೇರೆ ಆಂಟಿವೈರಸ್ ಸ್ಥಾಪಿಸಿದರೆ ಡಿಫೆಂಡರ್ ತಾನಾಗಿಯೇ ಹಿಂದೆ ಸರಿಯುತ್ತದೆ, ಎರಡು ಪಟ್ಟು ರಕ್ಷಣೆ ಸಿಗುವುದಿಲ್ಲ. ಮನೆಯ ಬಳಕೆಗೆ ಇರುವುದೇ ಸಾಕು, ಅದು ಚಾಲೂ ಇರುವವರೆಗೆ. ಈ ಕೊನೆಯ ಮಾತನ್ನು ಬೇಕೆಂದೇ ಸೇರಿಸಿದ್ದೇನೆ, ಏಕೆಂದರೆ ಕದ್ದ ತಂತ್ರಾಂಶ ಹಂಚುವ ತಾಣಗಳ ಸೂಚನೆಗಳಲ್ಲಿ ‘ಸ್ಥಾಪಿಸುವ ಮೊದಲು ಆಂಟಿವೈರಸ್ ನಿಲ್ಲಿಸಿ’ ಎಂಬ ಸಾಲು ಸಾಮಾನ್ಯ. ಕಾವಲುಗಾರನನ್ನು ಹೊರಗೆ ಕಳುಹಿಸಿ ಕಳ್ಳನನ್ನು ಕರೆದಂತೆ. ಪಾಸ್‌ವರ್ಡ್ ಕದಿಯುವ ಟ್ರೋಜನ್‌ಗಳು ಹೀಗೆ ಬರುವುದುಂಟು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಜೊತೆಗೆ, ನೀವು ಈಗಾಗಲೇ ಲಾಗಿನ್ ಆಗಿರುವುದರ ಗುರುತಾದ ಕುಕಿಗಳನ್ನೂ ಅವು ಒಯ್ಯುತ್ತವೆ. ಅಂಥ ಸೋಂಕು ಖಚಿತವಾದರೆ ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದ ಬದಲಿಸಿ, ಎಲ್ಲ ಕಡೆ ಲಾಗ್‌ಔಟ್ ಮಾಡಬೇಕು. ಇತ್ತೀಚಿನ ಇನ್ನೊಂದು ಹೂಟವೆಂದರೆ, ‘ನೀವು ರೋಬಾಟ್ ಅಲ್ಲವೆಂದು ತೋರಿಸಿ’ ಎಂಬ ಪುಟವು ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ ಎನ್ನುವುದು. ಹಾಗೆ ಮಾಡಿದರೆ ಆ ಪುಟ ಕೊಟ್ಟ ಆದೇಶ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆ. ಯಾವ ಪ್ರಾಮಾಣಿಕ ತಾಣವೂ ಹಾಗೆ ಹೇಳುವುದಿಲ್ಲ. ಮನೆಮಂದಿಗೆಲ್ಲ ಇದನ್ನು ಹೇಳಿಡಿ.

ಅಪ್‌ಡೇಟ್‌ಗಳನ್ನು ಮುಂದೂಡಬೇಡಿ. 2017ರ ಮೇ 12ರಂದು ವನ್ನಾಕ್ರೈ ಹುಳು ದೇಶದೇಶಗಳ ಯಂತ್ರಗಳಲ್ಲಿ ಫೈಲುಗಳಿಗೆ ಬೀಗ ಹಾಕಿ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಅದು ನುಸುಳಲು ಬಳಸಿದ ವಿಂಡೋಸಿನ ದೋಷವನ್ನು, ಅಂದರೆ ರಂಧ್ರವನ್ನು, ಮುಚ್ಚುವ ಅಪ್‌ಡೇಟ್ ಮಾರ್ಚ್ 14ರಂದೇ ಬಂದಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು ಯಾವುದೆಂದು ನೋಡಿಕೊಳ್ಳಿ.

ಆದರೆ ನನ್ನನ್ನು ಒಂದೇ ಒಂದು ಕೆಲಸ ಹೇಳಿ ಎಂದರೆ, ಪ್ರತಿ ಇಟ್ಟುಕೊಳ್ಳಿ ಎನ್ನುತ್ತೇನೆ. ‘ಬೇರೆ ಪ್ರತಿ ಇಲ್ಲ’ ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ವೈರಸ್ಸಿಗಿಂತ ಅದೇ ದೊಡ್ಡ ಅಪಾಯವೆನಿಸಿತು. ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲಿಸಿ, ಕೆಲಸ ಮುಗಿದ ಕೂಡಲೇ ತಂತಿ ಕಳಚಿಡಿ. ಇದನ್ನು ನಾನು ಕಲಿತದ್ದು ನಷ್ಟಪಟ್ಟೇ: ನನ್ನ ಡಿಸ್ಕು ಸದಾ ಯಂತ್ರಕ್ಕೆ ಚುಚ್ಚಿಕೊಂಡೇ ಇರುತ್ತಿದ್ದುದರಿಂದ, ಹೀಗೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಬಂದ ದಿನ ಮೂಲವೂ ಪ್ರತಿಯೂ ಒಟ್ಟಿಗೇ ಹೋದವು. ಅದಲ್ಲದೆ ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯನ್ನೇ ಇಟ್ಟುಕೊಳ್ಳಿ.

ಉತ್ತರ 4

ಎರಡು ತಿದ್ದುಪಡಿಗಳು. ಸಾಮಾನ್ಯ ಖಾತೆಯ ಸಲಹೆ ಸರಿಯೇ, ಆದರೆ ಅದು ವಿಂಡೋಸನ್ನು ಕಾಪಾಡುತ್ತದೆಯೇ ಹೊರತು ನಿಮ್ಮ ಫೋಟೊಗಳನ್ನಲ್ಲ. ನೀವು ತಿದ್ದಬಹುದಾದ ಫೈಲುಗಳನ್ನು ನಿಮ್ಮ ಖಾತೆಯಲ್ಲಿ ಓಡುವ ರ್‍ಯಾನ್ಸಮ್‌ವೇರ್ ಕೂಡ ತಿದ್ದಬಲ್ಲದು, ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕಿಲ್ಲ.

ಇನ್ನೊಂದು, ಶಾರ್ಟ್‌ಕಟ್ ಒತ್ತದಿದ್ದರೆ ಏನೂ ಆಗುವುದಿಲ್ಲವೆಂಬುದು ಅಪ್‌ಡೇಟ್ ಆಗಿರುವ ಯಂತ್ರದ ಮಟ್ಟಿಗೆ ನಿಜ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಹುಳು, ಪೆನ್‌ಡ್ರೈವಿನಲ್ಲಿದ್ದ ಶಾರ್ಟ್‌ಕಟ್ಟಿನ ಐಕಾನನ್ನು ವಿಂಡೋಸ್ ತೋರಿಸಿದರೆ ಸಾಕು, ಓಡಿಬಿಡುತ್ತಿತ್ತು. ಆ ರಂಧ್ರಕ್ಕೆ ಅದೇ ವರ್ಷ ಅಪ್‌ಡೇಟ್ ಬಂತು, ಅದು ಪೂರ್ತಿ ಮುಚ್ಚಿರಲಿಲ್ಲವೆಂದು ತಿಳಿದು 2015ರಲ್ಲಿ ಮತ್ತೆ ಮುಚ್ಚಬೇಕಾಯಿತು. ಪೆನ್‌ಡ್ರೈವ್ ಚುಚ್ಚಿದೊಡನೆ ಪ್ರೋಗ್ರಾಮು ತಾನಾಗಿ ಓಡುವ ‘ಆಟೊರನ್’ ಕೂಡ ವಿಂಡೋಸ್ 7ರಿಂದ ಈಚೆಗೆ ಇಲ್ಲ. ನಿಮ್ಮ ಪೆನ್‌ಡ್ರೈವಿನ ವೈರಸ್ ಯಾರಾದರೂ ಒತ್ತಲೆಂದು ಶಾರ್ಟ್‌ಕಟ್ಟಿನ ವೇಷ ಹಾಕಿ ಕಾಯಬೇಕಾಗಿ ಬಂದದ್ದು ಅದಕ್ಕೇ. ಅಂದಹಾಗೆ, ಅದನ್ನು ಅಂಟಿಸಿದ ಆ ಬೇರೆಯವರ ಕಂಪ್ಯೂಟರಿನಲ್ಲಿ ಸೋಂಕು ಇನ್ನೂ ಇರಬಹುದು. ಅವರಿಗೊಂದು ಮಾತು ತಿಳಿಸಿಬಿಡಿ.