ಒಂದೇ ಪೊಟ್ಟಣ, ಎರಡು ರಿಪೋರ್ಟ್: ಟನ್ನಿಗೆ 2.1 ಗ್ರಾಂ ಚಿನ್ನವೋ, 11.4 ಗ್ರಾಮೋ?

ಬೆಣಚುಸಿರೆ:
ಹಟ್ಟಿ–ಮಸ್ಕಿ ಶಿಸ್ಟ್ (ಪದರಗಲ್ಲು) ಪಟ್ಟಿಯಲ್ಲಿ ಬೆಣಚುಕಲ್ಲಿನ ಸಿರೆಗೆ ಅಡ್ಡಲಾಗಿ ಚಾನೆಲ್ ಸ್ಯಾಂಪಲ್ (ಬಂಡೆಯಲ್ಲಿ ಕಾಲುವೆಯಂತೆ ಉದ್ದಕ್ಕೆ ಕೊರೆದು ತೆಗೆದ ಕಲ್ಲು) ತೆಗೆದಿದ್ದೇವೆ. ಪುಡಿ ಮಾಡಿಸಿ, ಒಂದೇ ಪೊಟ್ಟಣದಿಂದ 30 ಗ್ರಾಂನಂತೆ ಎರಡು ಸಲ ಫೈರ್ ಅಸ್ಸೇ (ಪುಡಿಯನ್ನು ಸೀಸದ ಜತೆ ಕರಗಿಸಿ ಚಿನ್ನ ಅಳೆಯುವ ಪರೀಕ್ಷೆ) ಮಾಡಿಸಿದರೆ ಒಮ್ಮೆ ಟನ್ನಿಗೆ 2.1 ಗ್ರಾಂ, ಇನ್ನೊಮ್ಮೆ 11.4 ಗ್ರಾಂ ಬಂದಿದೆ. ಲ್ಯಾಬ್‌ನದೇ ತಪ್ಪೇ? ಸರಾಸರಿ ಹಿಡಿಯಬಹುದೇ?

ಕಣಲೆಕ್ಕ:
ಲ್ಯಾಬನ್ನು ದೂರುವ ಮೊದಲು ಲೆಕ್ಕ ಹಾಕಿ ನೋಡಿ ಸರ್. ವ್ಯತ್ಯಾಸ ಟನ್ನಿಗೆ 9.3 ಗ್ರಾಂ, ಅಂದರೆ 30 ಗ್ರಾಂ ಪುಡಿಯಲ್ಲಿ ಬರೀ 0.28 ಮಿಲಿಗ್ರಾಂ ಚಿನ್ನ. 0.3 ಮಿಲಿಮೀಟರ್ ಅಡ್ಡಳತೆಯ ಒಂದೇ ಗುಂಡುಕಾಳು ಹೆಚ್ಚುಕಡಿಮೆ ಅಷ್ಟು ತೂಗುತ್ತದೆ! ಅದು ಬಿದ್ದ ಕಡೆ 11.4, ಬೀಳದ ಕಡೆ 2.1. ಅರೆಯುವಾಗ ಬೆಣಚು ನುಣ್ಣಗಾಗುತ್ತದೆ, ಚಿನ್ನ ಮಾತ್ರ ಒಡೆಯದೆ ಚಪ್ಪಟೆಯಾಗಿ ಉಳಿಯುತ್ತದೆ.

ಎರಡೇ ಅಂಕಿಗಳ ಸರಾಸರಿಯನ್ನು ನಂಬಬೇಡಿ. ಸ್ಕ್ರೀನ್ ಫೈರ್ ಅಸ್ಸೇ ಮಾಡಿಸಿ. 1 ಕೆ.ಜಿ. ಪುಡಿಯನ್ನು 106 ಮೈಕ್ರಾನ್ ಜರಡಿ ಹಿಡಿದು, ಮೇಲೆ ಉಳಿದದ್ದನ್ನೆಲ್ಲ ಕರಗಿಸಬೇಕು. ಕೆಳಗಿಳಿದದ್ದರಿಂದ 30 ಗ್ರಾಂನ ಎರಡು ಪಾಲು ಸಾಕು. ಆಮೇಲೆ ಎರಡೂ ಭಾಗಗಳ ಚಿನ್ನವನ್ನು ಅವುಗಳ ತೂಕದ ಪ್ರಕಾರ ಕೂಡಿಸಬೇಕು.

ಗಣಿಮಾಪಕ:
ಸ್ಯಾಂಪಲ್ ತೆಗೆದ ರೀತಿಯನ್ನೂ ನೋಡಿ. 10 ಸೆಂ.ಮೀ. ಅಗಲ, 5 ಸೆಂ.ಮೀ. ಆಳದ ಚಾನೆಲ್ ಒಂದು ಮೀಟರ್ ಉದ್ದಕ್ಕೆ ಸುಮಾರು 13.5 ಕೆ.ಜಿ. ಬರಬೇಕು. 5 ಕೆ.ಜಿ. ಬಂದಿದ್ದರೆ ಚಾನೆಲ್‌ನ ಅಗಲ, ಆಳ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಮೆತ್ತನೆಯ ಶಿಸ್ಟ್ ಸುಲಭಕ್ಕೆ ಉದುರಿ ಹೆಚ್ಚು ಸೇರುತ್ತದೆ, ಗಟ್ಟಿ ಬೆಣಚು ಕಡಿಮೆ ಬೀಳುತ್ತದೆ. ಅಷ್ಟನ್ನೂ 2 ಮಿ.ಮೀ.ಗೆ ಒಡೆದ ನಂತರವೇ ರಿಫಲ್ ಸ್ಪ್ಲಿಟರ್‌ನಲ್ಲಿ (ಪುಡಿಯನ್ನು ಸಮಪಾಲು ಮಾಡುವ ಸಾಲು ಸಂದುಗಳ ಪೆಟ್ಟಿಗೆ) ಪಾಲು ಮಾಡಿ. ರಾಶಿಯಿಂದ ಚಮಚದಲ್ಲಿ ಮೊಗೆಯಲೇಬೇಡಿ, ಭಾರದ ಚಿನ್ನ ತಳ ಸೇರಿರುತ್ತದೆ.

ಬೆಣಚುಸಿರೆ:
ನಮ್ಮದು 6 ಕೆ.ಜಿ. ಇತ್ತು. ಆರ್ಸೆನೋಪೈರೈಟ್ (ಆರ್ಸೆನಿಕ್, ಕಬ್ಬಿಣ, ಗಂಧಕ ಸೇರಿದ ಸಲ್ಫೈಡ್ ಖನಿಜ) ಕೂಡ ಕಣ್ಣಿಗೆ ಕಾಣುವಷ್ಟಿದೆ.

ಕಣಲೆಕ್ಕ:
ಹಾಗಿದ್ದರೆ ಲ್ಯಾಬ್‌ಗೆ ಮೊದಲೇ ಬರೆದು ತಿಳಿಸಿ. ಸಲ್ಫೈಡ್ ಹೆಚ್ಚಿದ್ದರೆ ಮೂಸೆಯಲ್ಲಿ ಸೀಸದ ಮೇಲೆ ಮ್ಯಾಟ್ (ಕರಗಿದ ಸಲ್ಫೈಡ್) ಪದರ ಕಟ್ಟಿ ಚಿನ್ನವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಂಕಿ ಕಡಿಮೆ ಬರುತ್ತದೆ. ಪುಡಿಯನ್ನು 10–15 ಗ್ರಾಂಗೆ ಇಳಿಸಿ, ಫ್ಲಕ್ಸ್‌ಗೆ (ಕರಗಿಸಲು ಬೆರೆಸುವ ಪುಡಿ) ಪೆಟ್ಲುಪ್ಪು ಸೇರಿಸುತ್ತಾರೆ. ಶ್ರೀಮಂತ ಸ್ಯಾಂಪಲ್ ಅರೆದ ಬೆನ್ನಿಗೇ ಚಿನ್ನವಿಲ್ಲದ ಬೆಣಚನ್ನು ಅರೆದು ಅದನ್ನೂ ಅಸ್ಸೇಗೆ ಹಾಕಿಸಿ. ಪಾತ್ರೆಗೆ ಚಿನ್ನ ಮೆತ್ತಿಕೊಂಡಿದ್ದರೆ ಅದರಲ್ಲೇ ಗೊತ್ತಾಗುತ್ತದೆ.