ಜೇನು ಪೆಟ್ಟಿಗೆಗೆ ಇರುವೆ, ಮೇಣದ ಹುಳು, ಕಡಜ: ಪೆಟ್ಟಿಗೆಯಲ್ಲೇ ತಡೆಯುವುದು ಹೇಗೆ?

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯಿಂದ): ನಮಸ್ಕಾರ ಮೇಡಂ. ಕಾಫಿ ತೋಟದಲ್ಲಿ 12 ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನು) ಪೆಟ್ಟಿಗೆ ಇಟ್ಟಿದ್ದೇನೆ. ಕಾಫಿ ಹೂವಿನ ಹೊತ್ತಿನಲ್ಲಿ ಏನೂ ತಕರಾರಿಲ್ಲ. ಮಳೆ ಹಿಡಿದ ಮೇಲೆ ಶುರು. ಇರುವೆ ಹತ್ತುತ್ತದೆ, ನೊಣ ಮೇಣದಿಂದ ಕಟ್ಟುವ ಎರಿಯಲ್ಲಿ ಬಿಳಿ ಹುಳು ಬಲೆ ಕಟ್ಟುತ್ತದೆ, ಆಮೇಲೆ ಒಂದು ದಿನ ನೋಡಿದರೆ ಪೆಟ್ಟಿಗೆ ಖಾಲಿ. ಪರಿಚಯದವರೊಬ್ಬರು ಇಟಾಲಿಯನ್ ಜೇನಿನ ಹತ್ತು ಚೌಕಟ್ಟಿನ ದೊಡ್ಡ ಪೆಟ್ಟಿಗೆ ಕಡಿಮೆ ಬೆಲೆಗೆ ಕೊಡುತ್ತೇನೆ ಅಂತಿದ್ದಾರೆ. ಅದಕ್ಕೆ ಬದಲಾಯಿಸಿದರೆ ಸರಿ ಹೋಗುತ್ತದಾ?

ಉತ್ತರ: ನಮಸ್ಕಾರ ಸಾರ್. ಆ ದೊಡ್ಡ ಪೆಟ್ಟಿಗೆ ಬೇಡ, ಸುಮ್ನೆ ಕೊಟ್ಟರೂ ಬೇಡ. ಈಗಿರುವ ತೊಂದರೆ ಇನ್ನೂ ಜಾಸ್ತಿಯಾಗುತ್ತದೆ.

ಇಟಾಲಿಯನ್ ಜೇನು ಮರದ ಅಂಟನ್ನು ತಂದು ಪೆಟ್ಟಿಗೆಯ ಸಂದಿಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ತುಡುವೆಗೆ ಆ ಅಭ್ಯಾಸವೇ ಇಲ್ಲ. ಬಡಗಿ ಬಿಟ್ಟ ಸಂದಿ ಸಂದಿಯಾಗಿಯೇ ಉಳಿಯುತ್ತದೆ. ಮೇಣದ ಪತಂಗಕ್ಕೆ ಬೇಕಾಗಿರುವುದು ಅದೇ. ರಾತ್ರಿ ಬಂದು ಜೇನುನೊಣದ ಬಾಯಿಗೆ ಸಿಗದ ಬಿರುಕಿನಲ್ಲಿ ನೂರಾರು ಮೊಟ್ಟೆ ಇಟ್ಟು ಹೋಗುತ್ತದೆ. ಮರಿಹುಳು ಎರಿಯೊಳಗೆ ಸುರಂಗ ಕೊರೆದು ಬಲೆ ನೇಯುತ್ತದೆ. ಅದಕ್ಕೆ ಬರೀ ಮೇಣಕ್ಕಿಂತ ಹಳೆ ಕಪ್ಪು ಎರಿಯೇ ಇಷ್ಟ. ಅದರಲ್ಲಿ ಉಳಿದ ಪರಾಗ ಮತ್ತು ಮರಿಗಳ ಪೊರೆ ಅದಕ್ಕೆ ಊಟ. ದೊಡ್ಡ ಜಾತಿಯ ಹುಳುವಾದರೆ ಗೂಡು ಕಟ್ಟುವಾಗ ಹಲಗೆಯನ್ನೇ ಕೊರೆದು ಗುಳಿ ಮಾಡುತ್ತದೆ. ನಿಮ್ಮ ಹಳೆ ಪೆಟ್ಟಿಗೆಯ ಒಳಬದಿ ಬೆರಳಾಡಿಸಿ ನೋಡಿ, ಸಾಲಾಗಿ ಉದ್ದುದ್ದ ಗುಳಿ ಸಿಗಬಹುದು. ಮುಂದಿನ ಸಲದ ಮೊಟ್ಟೆಗೆ ಅದೂ ಒಂದು ಸಂದಿ.

ಇನ್ನು ಗಾತ್ರ. ತುಡುವೆಗೆ ಬಳಸುವ ನ್ಯೂಟನ್ ಪೆಟ್ಟಿಗೆಯ ಸಂಸಾರ ಕೋಣೆಯಲ್ಲಿ (ರಾಣಿ ಮೊಟ್ಟೆ ಇಟ್ಟು ಮರಿ ಬೆಳೆಯುವ ಕೆಳಗಿನ ಕೋಣೆ) ಏಳು ಸಣ್ಣ ಚೌಕಟ್ಟು ಮಾತ್ರ. ಅದನ್ನೂ ಮಳೆಗಾಲದಲ್ಲಿ ತುಂಬಿಸಲು ನಮ್ಮ ಕುಟುಂಬಗಳಿಗೆ ಕಷ್ಟ. ಕಾಫಿ ಹೂವು ಮುಗಿದು ಜೂನ್ ಮಳೆ ಹಿಡಿದರೆ ಹೊರಗೆ ಮೇವಿಲ್ಲ, ರಾಣಿ ಮೊಟ್ಟೆ ಕಡಿಮೆ ಮಾಡುತ್ತದೆ, ನೊಣ ಮೂರು ನಾಲ್ಕು ಎರಿಗೆ ಇಳಿಯುತ್ತದೆ. ಉಳಿದ ಎರಿಗೆ ಕಾವಲು ಯಾರು? ಅಲ್ಲೇ ಹುಳು ಬೀಳುವುದು. ಹತ್ತು ಚೌಕಟ್ಟಿನ ಪೆಟ್ಟಿಗೆಯಲ್ಲಿ ಮುಕ್ಕಾಲು ಭಾಗ ಅನಾಥ.

ಅಲ್ಲದೆ ಇಟಾಲಿಯನ್ ಪೆಟ್ಟಿಗೆಯ ಅಂತರವೇ ಬೇರೆ. ನೊಣ ಓಡಾಡಲು ಬಿಡುವ ಜಾಗ ಅದರಲ್ಲಿ 9 ಮಿ.ಮೀ. ದಾಟುತ್ತದೆ, ತುಡುವೆಗೆ 8 ಮಿ.ಮೀ. ಆಸುಪಾಸು ಸಾಕು. ಜಾಗ ಹೆಚ್ಚಾದರೆ ಎರಡು ಚೌಕಟ್ಟಿನ ಮಧ್ಯೆ ಅಡ್ಡಾದಿಡ್ಡಿ ಎರಿ ಕಟ್ಟುತ್ತದೆ. ಆಮೇಲೆ ಚೌಕಟ್ಟು ಎತ್ತಿ ನೋಡಲೂ ಆಗುವುದಿಲ್ಲ, ಹುಳು ಬಿದ್ದರೆ ಗೊತ್ತೂ ಆಗುವುದಿಲ್ಲ.

ಹಾಗಾಗಿ ಈಗಿರುವ ಪೆಟ್ಟಿಗೆಯನ್ನೇ ಸರಿ ಮಾಡಿ. ಕೊನೆಯ ಜೇನು ತೆಗೆದ ಮೇಲೆ ಮೇಲಿನ ಜೇನು ಕೋಣೆ ತೆಗೆದುಬಿಡಿ. ಅದರ ಎರಿಯನ್ನು ಒಂದು ದಿನ ಫ್ರಿಜ್‌ನ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆ ಸಮೇತ ಹುಳು ಸಾಯುತ್ತದೆ. ಆಮೇಲೆ ಗಾಳಿಯಾಡದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನ್ಯಾಫ್ತಲಿನ್ ಗುಳಿಗೆ ಮಾತ್ರ ಹಾಕಬೇಡಿ, ವಾಸನೆ ಮೇಣಕ್ಕೆ ಹಿಡಿದು ಮುಂದಿನ ವರ್ಷದ ಜೇನಿಗೆ ಇಳಿಯುತ್ತದೆ. ಸಂಸಾರ ಕೋಣೆಯಲ್ಲಿ ನೊಣ ಮುಚ್ಚಿಕೊಂಡಿರುವಷ್ಟೇ ಎರಿ ಉಳಿಸಿ, ಪಕ್ಕಕ್ಕೆ ಒಂದು ಅಡ್ಡ ಹಲಗೆ ನಿಲ್ಲಿಸಿ. ಪೆಟ್ಟಿಗೆ ದೊಡ್ಡದಿದ್ದರೂ ಮನೆ ಚಿಕ್ಕದಾಯಿತು.

ಅಡಿ ಹಲಗೆ ಮೊಳೆ ಹೊಡೆದು ಕೂರಿಸಿದ್ದರೆ ಕಿತ್ತು ಬಿಡಿಯಾಗಿ ಮಾಡಿಸಿ. ತುಡುವೆ ಹಳೆ ಎರಿಯನ್ನು ಕಡಿದು ಪುಡಿ ಕೆಳಗೆ ಉದುರಿಸುತ್ತದೆ. ಹುಳುವಿನ ಮೊದಲ ಸಂಸಾರ ಆ ಕಸದಲ್ಲೇ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೋಣೆ ಎತ್ತಿ, ಹಲಗೆ ಕೆರೆದು ಒರೆಸಿ ಇಡಬೇಕು. ಪೂರ್ತಿ ಬಿಚ್ಚಿ ನೋಡುವ ಕೆಲಸ ಬೇಡ, ಎರಡು ನಿಮಿಷದಲ್ಲಿ ಮುಗಿಸಿ. ಪದೇ ಪದೇ ಕೆಣಕಿದರೂ ತುಡುವೆ ಗೂಡು ಬಿಟ್ಟು ಹೋಗುತ್ತದೆ.

ಸಂದಿ ಹುಡುಕಲು ಒಂದು ದಾರಿ ಇದೆ. ಖಾಲಿ ಪೆಟ್ಟಿಗೆಯೊಳಗೆ ಟಾರ್ಚ್ ಹಚ್ಚಿಟ್ಟು, ಮುಚ್ಚಳ ಹಾಕಿ, ಕತ್ತಲೆ ಕೋಣೆಯಲ್ಲಿ ಸುತ್ತಲೂ ನೋಡಿ. ಬಾಗಿಲು, ಗಾಳಿಗೆಂದು ಬಿಟ್ಟ ಜಾಲರಿ ಬಿಟ್ಟು ಬೇರೆಲ್ಲಿ ಬೆಳಕು ಕಂಡರೂ ಅಲ್ಲಿ ಸಂದಿ ಇದೆ.

ಅದೇ ಪ್ರಶ್ನೆ ಕೇಳಿದವರು: ಇರುವೆಗೆ? ಸ್ಟ್ಯಾಂಡ್‌ನ ಕಾಲಿಗೆ ನೀರಿನ ಬಟ್ಟಲು ಇಟ್ಟಿದ್ದೇನೆ. ಆದರೂ ಹತ್ತುತ್ತಿದೆ.

ಉತ್ತರ: ನಿಮ್ಮ ಕಡೆ ಮಳೆಗೆ ತೆರೆದ ಬಟ್ಟಲು ನಿಲ್ಲುವುದಿಲ್ಲ ಸಾರ್. ಕುಶಾಲನಗರದ ಕಡೆ ಮಾತು ಬೇರೆ, ಅಲ್ಲಿ ಮಳೆ ಕಡಿಮೆ. ನಾಪೋಕ್ಲು, ಭಾಗಮಂಡಲದಲ್ಲಿ ಬಟ್ಟಲು ತುಂಬಿ ಹರಿಯುತ್ತದೆ, ಎಣ್ಣೆ ಹಾಕಿದ್ದರೆ ತೇಲಿ ಹೊರಗೆ ಹೋಗುತ್ತದೆ, ಸಿಲ್ವರ್ ಓಕ್ ಎಲೆ ಬಿದ್ದರೆ ಇರುವೆಗೆ ಸೇತುವೆ ಸಿದ್ಧ. ಬಟ್ಟಲಿನ ಮೇಲೊಂದು ಕೊಡೆ ಬೇಕು. ಅಗಲವಾದ ತಗಡಿನ ಮುಚ್ಚಳಕ್ಕೆ ನಡುವೆ ತೂತು ಮಾಡಿ ಕಾಲಿಗೆ ತೂರಿಸಿ, ಬಟ್ಟಲಿನ ಮೇಲೆ ಬಾಗಿರುವ ಹಾಗೆ ಕೂರಿಸಿ. ಅಂಚು ಮಾತ್ರ ಬಟ್ಟಲಿಗೆ ತಾಗಬಾರದು. ಮಳೆ ನೀರು ಹೊರಗೆ ಬೀಳುತ್ತದೆ. ನೀರು ಕುಡಿಯಲು ಬಂದ ಜೇನುನೊಣ ಎಣ್ಣೆಗೆ ಬಿದ್ದು ಸಾಯುವುದೂ ತಪ್ಪುತ್ತದೆ.

ನನ್ನ ಕೇಳಿದರೆ ನಾಲ್ಕು ಕಾಲಿನ ಸ್ಟ್ಯಾಂಡಿಗಿಂತ ಒಂಟಿ ಕಬ್ಬಿಣದ ಪೈಪೇ ವಾಸಿ. ಕಾವಲು ಕಾಯಬೇಕಾದ ಕಾಲು ಒಂದೇ. ಪೈಪಿಗೆ ಬೋರಲಾಗಿ ಒಂದು ತಗಡಿನ ಆಲಿಕೆ ಬಿಗಿದು, ಅದರ ಒಳಮೈಗೆ ಗ್ರೀಸ್ ಬಳಿಯಿರಿ. ಮಳೆ ತಾಗದ ಜಾಗವಾದ್ದರಿಂದ ಗ್ರೀಸ್ ತುಂಬಾ ದಿನ ಉಳಿಯುತ್ತದೆ. ಪೈಪನ್ನು ಕಾಂಕ್ರೀಟ್ ಹಾಕಿ ನೆಡಿ, ಇಲ್ಲದಿದ್ದರೆ ಗಾಳಿಗೆ ವಾಲುತ್ತದೆ.

ಇಷ್ಟೆಲ್ಲ ಮಾಡಿ ಒಂದು ಕಾಫಿ ಕೊಂಬೆ ಪೆಟ್ಟಿಗೆಗೆ ತಾಗಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇದೆಯಲ್ಲ, ಅದು ಒಂದಕ್ಕೊಂದು ಕಚ್ಚಿಕೊಂಡು ತಾನೇ ಸೇತುವೆ ಕಟ್ಟುತ್ತದೆ. ಸುತ್ತ ಎರಡು ಅಡಿಯಾದರೂ ಕೊಂಬೆ, ಕಳೆ, ಮೆಣಸಿನ ಬಳ್ಳಿ ಏನೂ ತಾಗದ ಹಾಗೆ ಸವರಿ.

ನಡುವೆ ಒಬ್ಬರು (ಸುಂಟಿಕೊಪ್ಪ): ನಾವು ಬುಡಕ್ಕೆ ಇರುವೆ ಪುಡಿ ಹಾಕುತ್ತೇವೆ ಅಕ್ಕ. ಖರ್ಚೂ ಕಡಿಮೆ.

ಉತ್ತರ: ಬೇಡ ಅಣ್ಣ. ಅದು ಕೀಟನಾಶಕ, ಜೇನೂ ಕೀಟವೇ ಅಲ್ವಾ. ಒಲೆ ಬೂದಿ ಬೇಸಿಗೆಯಲ್ಲಿ ಪರವಾಗಿಲ್ಲ, ಮಳೆಗೆ ಪ್ರಯೋಜನ ಇಲ್ಲ.

ಪ್ರಶ್ನೆ (ಸೋಮವಾರಪೇಟೆ): ಮೇಡಂ, ಮಳೆ ಮುಗಿದ ಮೇಲೆ ನಮ್ಮಲ್ಲಿ ಕಡಜದ ಕಾಟ. ಬಾಗಿಲ ಮುಂದೆಯೇ ಹಾರಾಡಿಕೊಂಡಿದ್ದು ಒಂದೊಂದೇ ನೊಣ ಹಿಡಿದುಕೊಂಡು ಹೋಗುತ್ತದೆ. ಕೆಲವೊಮ್ಮೆ ಒಳಗೇ ನುಗ್ಗುತ್ತದೆ. ರಾಣಿ ತಡೆ ಗೇಟ್ ಹಾಕಿದರೆ ಆಗುತ್ತದಾ?

ಉತ್ತರ: ಒಳಗೆ ನುಗ್ಗುವುದನ್ನು ಬಾಗಿಲಿನ ಎತ್ತರದಿಂದಲೇ ತಡೆಯಬಹುದು. ಹೆಚ್ಚಿನ ಪೆಟ್ಟಿಗೆಯಲ್ಲಿ ಬಾಗಿಲು ಒಂದು ಸೆಂ.ಮೀ. ಎತ್ತರ ಇರುತ್ತದೆ, ಕಡಜ ಆರಾಮವಾಗಿ ದಾಟುತ್ತದೆ. ಒಂದು ಪಟ್ಟಿ ಹೊಡೆದು 5.5 ಮಿ.ಮೀ.ಗೆ ಇಳಿಸಿ. ಕೆಲಸಗಾರ ನೊಣವೂ ಗಂಡು ನೊಣವೂ ಓಡಾಡುತ್ತವೆ, ಕಡಜದ ಎದೆ ಸಿಕ್ಕಿಕೊಳ್ಳುತ್ತದೆ. ಎತ್ತರ ಇಳಿಸಿದಾಗ ಉದ್ದ ಜಾಸ್ತಿ ಬಿಡಿ, ಇಲ್ಲದಿದ್ದರೆ ಒಳಗೆ ಸೆಕೆಯಾಗುತ್ತದೆ. ಮಳೆಗಾಲದಲ್ಲಿ ಕುಟುಂಬ ಸಣ್ಣದಾದಾಗ ಉದ್ದವನ್ನೂ ಎರಡು ಮೂರು ಸೆಂ.ಮೀ.ಗೆ ಕಡಿಮೆ ಮಾಡಬಹುದು.

ರಾಣಿ ಗೇಟ್ ಬೇರೆ ವಿಷಯ. ಹೊಸದಾಗಿ ಹಿಡಿದು ತಂದ ಕುಟುಂಬ ಓಡಿಹೋಗದಿರಲೆಂದು ಕೆಲವು ದಿನ ಹಾಕುವಂಥದ್ದು ಅದು. ಅದರ ಸಂದಿಯಲ್ಲಿ ಗಂಡು ನೊಣ ಹಾಯುವುದಿಲ್ಲ. ಹೊಸ ರಾಣಿ ಹುಟ್ಟಿದರೆ ಕೂಡಲು ಹೊರಗೆ ಹಾರಲಾಗುವುದಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಕಡಜಕ್ಕಿಂತ ಗೇಟೇ ಕುಟುಂಬವನ್ನು ಮುಗಿಸುತ್ತದೆ.

ಹೊರಗೆ ಹಿಡಿಯುವ ಕಡಜಕ್ಕೆ ಪೆಟ್ಟಿಗೆಯಲ್ಲಿ ಪೂರ್ತಿ ಉಪಾಯ ಇಲ್ಲ. ಬಾಗಿಲ ಮುಂದಿನ ಹಲಗೆ ತುಂಬಾ ಉದ್ದ ಇದ್ದರೆ ಕತ್ತರಿಸಿ, ಅದಕ್ಕೆ ಕೂರಲು ಜಾಗ ಯಾಕೆ ಕೊಡಬೇಕು? ಉಳಿದದ್ದು ನೊಣಗಳ ಕೈಯಲ್ಲಿ. ತುಡುವೆಗೆ ಒಂದು ವಿದ್ಯೆ ಗೊತ್ತು. ಬಾಗಿಲಿಗೆ ಬಂದ ಕಡಜವನ್ನು ನೂರಾರು ನೊಣ ಒಟ್ಟಿಗೆ ಮುತ್ತಿ ಉಂಡೆ ಕಟ್ಟುತ್ತವೆ, ಮೈ ಬಿಸಿ ಮಾಡಿಕೊಂಡು ಉಂಡೆಯ ಒಳಗಿನ ಶಾಖವನ್ನು 46 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಏರಿಸುತ್ತವೆ. ಕಡಜ ಬೆಂದು ಸಾಯುತ್ತದೆ, ಜೇನು ಆ ಶಾಖ ತಡೆದುಕೊಳ್ಳುತ್ತದೆ. ಆದರೆ ಉಂಡೆ ಕಟ್ಟಲು ಜನ ಬೇಕು. ಎರಡು ಎರಿಯ ಬಡಕಲು ಕುಟುಂಬಕ್ಕೆ ಆಗದ ಕೆಲಸ. ಅಂಥವು ಎರಡಿದ್ದರೆ ಸೇರಿಸಿ ಒಂದು ಮಾಡಿ.

ಬೆಳಗ್ಗೆ ಕಾಫಿ ಲೋಟ ಹಿಡಿದು ಪೆಟ್ಟಿಗೆ ಪಕ್ಕ ನಿಂತು, ಸೊಳ್ಳೆ ಬ್ಯಾಟಿನಿಂದ ಹೊಡೆಯುವವರೂ ಇದ್ದಾರೆ. ನಗಬೇಡಿ, ಬರುವ ಕಡಜ ನಾಲ್ಕೈದೇ ಇದ್ದಾಗ ಅದೂ ಉಪಯೋಗಕ್ಕೆ ಬರುತ್ತದೆ. ಬೆಂಕಿ ಹಿಡಿದು ಕಡಜದ ಗೂಡಿಗೆ ಮಾತ್ರ ಹೋಗಬೇಡಿ.

ಪ್ರಶ್ನೆ (ಗೋಣಿಕೊಪ್ಪ): ಕಳ್ಳಿಪೀರ ಹಕ್ಕಿಗೆ ಏನು ಮಾಡುವುದು?

ಉತ್ತರ: ಅದು ಕರೆಂಟ್ ತಂತಿ, ಒಣ ಕೊಂಬೆಯ ಮೇಲೆ ಕೂತು ಬಯಲಿನಲ್ಲಿ ಹಾರುವ ನೊಣ ಹಿಡಿಯುತ್ತದೆ. ಪೆಟ್ಟಿಗೆಯನ್ನು ತಂತಿಯಿಂದ ದೂರ, ಮರದ ನೆರಳಿನಡಿ ಇಡಿ. ಹಕ್ಕಿಯನ್ನು ಹೊಡೆಯುವುದು ಕಾನೂನಿನ ಪ್ರಕಾರ ಅಪರಾಧ. ಇನ್ನೊಂದು ಮಾತು, ಪೆಟ್ಟಿಗೆಯನ್ನು ಒಂದೇ ಸಲ ಐವತ್ತು ಅಡಿ ಸರಿಸಿದರೆ ನೊಣ ಹಳೆ ಜಾಗಕ್ಕೇ ಬಂದು ಸುತ್ತುತ್ತದೆ. ದಿನಕ್ಕೆ ಒಂದೆರಡು ಅಡಿ ಸರಿಸುತ್ತಾ ಹೋಗಿ.

ಪ್ರಶ್ನೆ (ತಿತಿಮತಿ): ಹಕ್ಕಿ, ಹುಳು ಬಿಡಿ ಅಕ್ಕ. ನಮ್ಮಲ್ಲಿ ಕರಡಿ ಬರುತ್ತದೆ, ಆನೆ ಬರುತ್ತದೆ. ಗಟ್ಟಿ ಪೆಟ್ಟಿಗೆ ಮಾಡಿಸಿದರೆ ಉಳಿಯುತ್ತದಾ?

ಉತ್ತರ: ಕರಡಿ ಒಡೆಯಲಾಗದ ಪೆಟ್ಟಿಗೆ ಮಾಡಿದರೆ ಅದನ್ನು ನೀವೂ ಎತ್ತಲಾಗುವುದಿಲ್ಲ! ಹಣ ಪೆಟ್ಟಿಗೆಗೆ ಹಾಕಬೇಡಿ, ಬೇಲಿಗೆ ಹಾಕಿ. ಎಲ್ಲ ಪೆಟ್ಟಿಗೆ ಮನೆ ಹತ್ತಿರ ಒಂದೇ ಕಡೆ ಸೇರಿಸಿ, ಸುತ್ತ ಸೋಲಾರ್ ಬೇಲಿ ಹಾಕಿಸಿ. ಕರಡಿ ನುಸುಳುವ ಪ್ರಾಣಿ, ಕೆಳಗಿನ ತಂತಿ ಮೊಣಕಾಲಿಗಿಂತ ತಗ್ಗಿನಲ್ಲಿರಲಿ. ಮನೆ ಕರೆಂಟನ್ನು ನೇರ ತಂತಿಗೆ ಕೊಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಅದರಿಂದ ಆನೆಯೂ ಸಾಯುತ್ತದೆ, ತೋಟಕ್ಕೆ ಬಂದ ಕೆಲಸದವರೂ ಸಾಯುತ್ತಾರೆ. ಆನೆ ದಾರಿಯಲ್ಲೇ ತೋಟ ಇದ್ದರೆ ಅಲ್ಲಿ ಪೆಟ್ಟಿಗೆ ಇಡದಿರುವುದೇ ಉತ್ತಮ.

ಪ್ರಶ್ನೆ (ವಿರಾಜಪೇಟೆ): ನಮ್ಮ ಪೆಟ್ಟಿಗೆಯಲ್ಲಿ ಬಲೆಯೂ ಇಲ್ಲ, ಇರುವೆಯೂ ಇಲ್ಲ. ಮರಿಗಳು ಎರಿಯ ಕಣ್ಣಿನಲ್ಲೇ (ಗೂಡಿನಲ್ಲೇ) ತಲೆ ಮೇಲೆ ಮಾಡಿ ಸತ್ತಿವೆ. ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬರುತ್ತದೆ.

ಉತ್ತರ: ಇದು ಥಾಯ್ ಸ್ಯಾಕ್ ಬ್ರೂಡ್ ಇರಬೇಕು, ವೈರಸ್ ಕಾಯಿಲೆ. 1991-92ರ ಹೊತ್ತಿಗೆ ದಕ್ಷಿಣ ಭಾರತಕ್ಕೆ ಬಂದು ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದ್ದು ಇದೇ. ಕೊಡಗಿನ ಹಿರಿಯ ಜೇನು ಸಾಕಣೆದಾರರನ್ನು ಕೇಳಿ, ಹೇಳುತ್ತಾರೆ. ಪೆಟ್ಟಿಗೆಯ ವಿನ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಔಷಧವೂ ಇಲ್ಲ. ಆ ಪೆಟ್ಟಿಗೆಯ ಎರಿ, ಜೇನು, ಚಾಕು ಯಾವುದನ್ನೂ ಬೇರೆ ಪೆಟ್ಟಿಗೆಗೆ ಒಯ್ಯಬೇಡಿ. ಮೇಲೆ ನಾನು ಹೇಳಿದ ಹಾಗೆ ಎರಡು ಕುಟುಂಬ ಸೇರಿಸುವುದನ್ನೂ ಇಲ್ಲಿ ಮಾಡಬೇಡಿ. ಫೋಟೋ ಹಾಕಿ, ನೋಡಿ ಹೇಳುತ್ತೇನೆ.

ಮೊದಲು ಕೇಳಿದವರು (ನಾಪೋಕ್ಲು): ಮೇಡಂ, ಒಂದು ಖಾಲಿ ಪೆಟ್ಟಿಗೆಗೆ ಟಾರ್ಚ್ ಇಟ್ಟು ನೋಡಿದೆ. ಮೂಲೆಗಳಲ್ಲೆಲ್ಲ ಬೆಳಕು! ಏನು ತುಂಬಲಿ?

ಉತ್ತರ: ಹಲಗೆ ಸರಿಯಾಗಿ ಒಣಗುವ ಮೊದಲೇ ಪೆಟ್ಟಿಗೆ ಮಾಡಿದ್ದಾರೆ, ಆಮೇಲೆ ಸೊಟ್ಟಗಾಗಿದೆ. ಮೊದಲು ಹುಳು ಕೊರೆದ ಗುಳಿಗಳನ್ನು ಕೆರೆದು, ಒಳಬದಿಗೆ ಬೆಂಕಿ ಜ್ವಾಲೆ ಬೇಗ ಬೇಗ ಆಡಿಸಿ, ಉಳಿದ ಮೊಟ್ಟೆ ಸಾಯಲಿ. ಆಮೇಲೆ ಮರದ ಹೊಟ್ಟಿಗೆ ಬಡಗಿಗಳು ಹಾಕುವ ಗೋಂದು ಕಲಸಿ ಸಂದಿಗೂ ಗುಳಿಗೂ ಒತ್ತಿ ತುಂಬಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಿ. ಬಣ್ಣ ಹೊರಗೆ ಮಾತ್ರ. ಒಂದು ವಾರ ಬಿಸಿಲಿಗೆ ತೆರೆದಿಟ್ಟು, ಮೂಗು ಹಾಕಿ ನೋಡಿ. ಬಣ್ಣದ್ದೋ ಗೋಂದಿನದ್ದೋ ವಾಸನೆ ಇನ್ನೂ ಇದ್ದರೆ ಕುಟುಂಬ ಕೂರಿಸಬೇಡಿ.