ಅಪ್‌ಡೇಟ್: ಪುಣೆಯಲ್ಲಿ ಲ್ಯಾಬ್ ಸಿಕ್ಕಿತು

ಎರಡನೇ ವರ್ಷದ ಬಿಎಸ್ಸಿಯವಳಿಗೆ ಪುಣೆಯಲ್ಲಿ ಬಯೋಮೆಡಿಕಲ್ ಲ್ಯಾಬ್ ಕೆಲಸ ಕಲಿಯಲು ಯಾರಾದರೂ ಜಾಗ ಕೊಡುತ್ತಾರಾ ಅಂತ ಆರು ತಿಂಗಳ ಹಿಂದೆ ಕೇಳಿದ್ದೆ. ಸಿಕ್ಕಿತು! ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

"ಲ್ಯಾಬ್ ನಡೆಸುವ ಎಲ್ಲರಿಗೂ ಒಂದೇ ಮೇಲ್ ಕಳಿಸಬೇಡ, ಅವರ ಒಂದು ಸಂಶೋಧನಾ ಪೇಪರ್ ಓದಿ ಪ್ರಶ್ನೆ ಕೇಳು" ಅಂದಿದ್ದರಲ್ಲ ಧಾರವಾಡದ ಅಕ್ಕ, ಅದೇ ನನ್ನ ಕೈಹಿಡಿದಿದ್ದು. ಮೊದಲಿನ ಇಪ್ಪತ್ತು ಮೇಲ್‌ಗೆ ಒಂದೂ ಉತ್ತರವಿಲ್ಲ. ಓದಿ ಬರೆದ ನಾಲ್ಕರಲ್ಲಿ ಎರಡಕ್ಕೆ ಬಂತು.

ಮೊದಲ ಎರಡು ವಾರ ಬರೀ ನೀರು. ಹನಿಯಷ್ಟು ದ್ರವವನ್ನೂ ಅಳೆದು ತೆಗೆಯುವ ಪಿಪೆಟ್‌ನಲ್ಲಿ 100 ಮೈಕ್ರೋಲೀಟರ್ ತೆಗೆದು ತೂಗಿದರೆ 0.1 ಗ್ರಾಂ ಬರಬೇಕು, ನನಗೆ ಬರುತ್ತಿರಲಿಲ್ಲ. ಕೈ ಕುದುರಿದ ಮೇಲೆ ಜೀವಕೋಶ ಬೆಳೆಸಲು ಕೊಟ್ಟರು. 37 ಡಿಗ್ರಿ, ಶೇ 5 ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್. ಒಂದು ಸೋಮವಾರ ಬಾಗಿಲು ತೆಗೆದರೆ ಕೆಂಪಗಿರಬೇಕಾದ ಮೀಡಿಯಂ (ಜೀವಕೋಶಗಳಿಗೆ ಆಹಾರವಾಗುವ ದ್ರವ) ಹಳದಿಯಾಗಿ ಕದಡಿತ್ತು. ಬ್ಯಾಕ್ಟೀರಿಯಾ! ಅವು ಬೆಳೆದು ಆಮ್ಲ ಹೆಚ್ಚಾದರೆ ಮೀಡಿಯಂನಲ್ಲಿರುವ ಫಿನಾಲ್ ರೆಡ್ ಬಣ್ಣ ಹಳದಿಯಾಗುತ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಾಗ ಅಳು ಬಂತು. ಪಿಎಚ್‌ಡಿ ಮಾಡುವ ಸೀನಿಯರ್ ಬೈಯಲಿಲ್ಲ. ಬ್ಲೀಚ್ ಹಾಕಿಸಿ, ಹೊಸ ಫ್ಲಾಸ್ಕ್ ಕೊಟ್ಟು, ಪಕ್ಕದಲ್ಲೇ ನಿಂತರು.

ನನ್ನಂತೆ ಹುಡುಕುತ್ತಿರುವವರು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೂ ಅರ್ಜಿ ಹಾಕಿ. ಸ್ಟೈಪೆಂಡ್ ಇರುತ್ತದೆ.

ಲ್ಯಾಬ್‌ನಲ್ಲಿ ಎಲ್ಲ ಮರಾಠಿ, ಹಿಂದಿ. ಆದರೆ ವಿಜಯಪುರ ಕಡೆಯ ಟೆಕ್ನಿಷಿಯನ್ ಕಾಕಾ ಒಬ್ಬರಿದ್ದಾರೆ. ಜೀವಕೋಶಕ್ಕೆ ಕ್ರಿಮಿ ತಾಗದಂತೆ ಶುದ್ಧ ಗಾಳಿ ಹರಿಸುವ ಹುಡ್ ಮುಂದೆ ನಾನು ಕೂತಾಗೆಲ್ಲ ಕೇಳುತ್ತಾರೆ: "ಕೈಗೆ ಎಥನಾಲ್ ಹೊಡ್ಕೊಂಡಿ ಏನವ್ವಾ?"